ಬತ್ತಿದ ತೈಲಬಾವಿಯ ಖರ್ಚು ಯಾರದು?

ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ಹೊಲ ರೈತನದಾದರೂ ನೆಲದಡಿಯ ತೈಲ ಬಹುಪಾಲು ಸರಕಾರದ್ದು. ತನ್ನ ಹೊಲದಲ್ಲಿ ಬಾವಿ ಕೊರೆಯುವುದನ್ನು ರೈತ ತಡೆಯಲಾರ. ವಾರ್ಷಿಕ ಬಾಡಿಗೆಯಷ್ಟೇ ಅವನ ಪಾಲು. ತೈಲ ಬತ್ತಿದ ಮೇಲೆ ಬಾವಿಯನ್ನು ಸಿಮೆಂಟಿನಿಂದ ಮುಚ್ಚಿ ಮಣ್ಣನ್ನು ಮೊದಲಿನಂತೆ ಮಾಡಿಕೊಡುವ ಹೊಣೆ ಕಂಪೆನಿಯದು. ಆದರೆ ಮುದಿ ಬಾವಿಗಳು ಅನೇಕ ವೇಳೆ ಸಣ್ಣ ಕಂಪೆನಿಗಳಿಗೆ ಮಾರಾಟವಾಗಿ, ಅವು ದಿವಾಳಿಯೇಳುತ್ತವೆ.

ಅಂಥ ಕಂಪೆನಿಯ ಆಸ್ತಿಯಿಂದ ಮೊದಲು ಶುಚಿಕಾರ್ಯ, ಬಳಿಕವೇ ಸಾಲ ಕೊಟ್ಟವರ ಬಾಕಿ ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2019ರ ರೆಡ್‌ವಾಟರ್ ಪ್ರಕರಣದಲ್ಲಿ ತೀರ್ಪಿತ್ತಿತು. ಬ್ಯಾಂಕಿನವನಾದ ನನಗೂ ಅದು ನ್ಯಾಯವೆಂದೇ ತೋರುತ್ತದೆ. ಆದರೂ 2020ರಲ್ಲಿ ಕೆನಡಾ ಸರಕಾರವು ಆಲ್ಬರ್ಟಾದ ಬಾವಿಗಳ ಶುಚಿಗೆ 100 ಕೋಟಿ ಡಾಲರುಗಳವರೆಗೆ ನೆರವು ಘೋಷಿಸಿತು. 2023ರಲ್ಲಿ ಪ್ರಾಂತೀಯ ಸರಕಾರವು 10 ಕೋಟಿ ಡಾಲರುಗಳ ರಾಜಧನ ರಿಯಾಯಿತಿಯ ಪ್ರಸ್ತಾವ ಮುಂದಿಟ್ಟಿತು. ಗ್ರಾಮೀಣ ಭೂಮಾಲಿಕರು ವಿರೋಧಿಸಿದ್ದು ಶುಚಿಕಾರ್ಯವನ್ನಲ್ಲ, ಈ ಹಣವನ್ನು. ಹಲವು ಕಂಪೆನಿಗಳು ಅವರ ಬಾಡಿಗೆಯನ್ನೂ ಗ್ರಾಮೀಣ ಆಡಳಿತಗಳ ತೆರಿಗೆಯನ್ನೂ ಬಾಕಿ ಇರಿಸಿದ್ದವು.