ಹಾವು ಹಿಡಿಯುವವರೇ ಇಲ್ಲಿ ಹಾವಿನ ಮೇಷ್ಟ್ರು

ಚೆನ್ನೈಯಿಂದ ಮಹಾಬಲಿಪುರದ ಕಡೆಗೆ ಕಡಲಂಚಿನ ರಸ್ತೆಯಲ್ಲಿ ಸುಮಾರು 40 ಕಿ.ಮೀ. ಹೋದರೆ ವಡನೆಮ್ಮೇಲಿ ಸಿಗುತ್ತದೆ. ಅಲ್ಲಿನ ಮದ್ರಾಸ್ ಕ್ರೊಕೊಡೈಲ್ ಬ್ಯಾಂಕಿಗೆ ಜನ ಬರುವುದು ಮೊಸಳೆ ನೋಡಲು. ಆದರೆ ಅದೇ ಆವರಣದಲ್ಲಿ, ಸೂರಿನ ಕೆಳಗೆ, ಮಣ್ಣಿನ ಮಡಕೆಗಳ ಸಾಲುಗಳಿವೆ. ಅರ್ಧಕ್ಕೆ ಮರಳು ತುಂಬಿ, ಬಾಯಿಗೆ ಹತ್ತಿಬಟ್ಟೆ ಬಿಗಿದು ಕಟ್ಟಿದ ಮಡಕೆಗಳು. ಒಳಗಿರುವುದು ನಾಗರಹಾವು, ಕಟ್ಟುಹಾವು, ಕೊಳಕು ಮಂಡಲ ಮತ್ತು ಗರಗಸ ಮಂಡಲ. ದೇಶದಲ್ಲಿ ಹಾವು ಕಚ್ಚಿ ಸಾಯುವವರಲ್ಲಿ ಬಹುಪಾಲು ಜನರ ಸಾವಿಗೆ ಕಾರಣವಾಗುವ ನಾಲ್ಕು ಹಾವುಗಳು ಇವೇ.

ಸುತ್ತಲೂ ನಿಂತ ಪ್ರವಾಸಿಗರ ಎದುರಿಗೇ ಒಬ್ಬರು ಮಡಕೆಯ ಬಟ್ಟೆ ಬಿಚ್ಚುತ್ತಾರೆ. ಕೊಕ್ಕೆಯಲ್ಲಿ ಹಾವನ್ನೆತ್ತಿ ನೆಲಕ್ಕಿಳಿಸಿ, ತಲೆಯ ಹಿಂಭಾಗವನ್ನು ಮೆಲ್ಲಗೆ ಅದುಮಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿಯುತ್ತಾರೆ. ತೆಳುವಾದ ಪೊರೆ ಕಟ್ಟಿದ ಗಾಜಿನ ಪಾತ್ರೆಯ ಅಂಚನ್ನು ಹಾವು ಕಚ್ಚುತ್ತದೆ. ಹಲ್ಲು ಪೊರೆಯನ್ನು ತೂರಿದ ಕೂಡಲೇ ಗಾಜಿನ ಒಳಮೈಯಲ್ಲಿ ಹಳದಿ ಹನಿಗಳು ಇಳಿಯತೊಡಗುತ್ತವೆ. ಇಷ್ಟೇನಾ ವಿಷ ಎಂದು ನೋಡುವವರಿಗೆ ಅಚ್ಚರಿ. ಗರಗಸ ಮಂಡಲದಂಥ ಪುಟ್ಟ ಹಾವಿನಿಂದ ಒಮ್ಮೆಗೆ ಸಿಗುವುದು ಕೆಲವೇ ಮಿಲಿಗ್ರಾಂ.

ಹಾವು ಹಾಲು ಕುಡಿಯುತ್ತದೆಯೇ, ಹಗೆ ಸಾಧಿಸುತ್ತದೆಯೇ, ಜೋಡಿ ಹಾವು ಹುಡುಕಿಕೊಂಡು ಬರುತ್ತದೆಯೇ? ಹಾವಿನ ಬಗ್ಗೆ ಮಾತು ಬಂದಲ್ಲೆಲ್ಲ ಏಳುವ ಈ ಪ್ರಶ್ನೆಗಳಿಗೆ ಇಲ್ಲಿ ಉತ್ತರವಾಗಿ ಹಾವೇ ಕಣ್ಣೆದುರಿಗಿದೆ. ಹಾವಿಗೆ ಹಾಲು ಆಹಾರವಲ್ಲ, ಸೇಡು ಇಟ್ಟುಕೊಳ್ಳುವಂಥ ಮಿದುಳೂ ಅದಕ್ಕಿಲ್ಲ ಎಂದು ಪುಸ್ತಕದಲ್ಲಿ ಓದುವುದಕ್ಕೂ, ಬಿಟ್ಟ ತಕ್ಷಣ ಹಾವು ಜನರತ್ತ ನುಗ್ಗದೆ ಮರೆ ಹುಡುಕಿ ಹೊರಡುವುದನ್ನು ಹತ್ತಡಿ ದೂರದಿಂದ ನೋಡುವುದಕ್ಕೂ ಬಹಳ ಅಂತರವಿದೆ.

ವಿಷ ತೆಗೆಯುವ ಈ ಕೈಗಳು ಇರುಳ ಬುಡಕಟ್ಟಿನವರವು. ರಾಮನಗರದ ಬೆಟ್ಟಗಳ ಇರುಳಿಗರನ್ನು ಬಲ್ಲ ಕನ್ನಡಿಗರಿಗೆ ಈ ಹೆಸರು ತೀರಾ ಹೊಸದೇನಲ್ಲ. ತಮಿಳುನಾಡಿನ ಚೆಂಗಲ್ಪಟ್ಟು ಸುತ್ತಲಿನ ಇರುಳರು ತಲೆಮಾರುಗಳಿಂದ ಹಾವು ಮತ್ತು ಇಲಿ ಹಿಡಿದು ಬದುಕಿದವರು. ಗದ್ದೆಯ ಬದುವಿನಲ್ಲಿ ಇಲಿಯ ಬಿಲಕ್ಕೆ ಹೊಗೆ ಹಾಕಿ ಇಲಿ ಹಿಡಿಯುವುದು, ಇಲಿ ಕೂಡಿಟ್ಟ ಭತ್ತವನ್ನು ಬಗೆದು ಮನೆಗೆ ಒಯ್ಯುವುದು ಅವರ ಸುಗ್ಗಿಯ ಕೆಲಸ. ಹಾವು ಹಿಡಿಯಲು ಅವರಿಗೆ ಬೇಕಾದದ್ದು ಒಂದು ಸಣ್ಣ ಹಾರೆ, ಒಂದು ಬಟ್ಟೆಚೀಲ. ಉಳಿದದ್ದೆಲ್ಲ ಕಣ್ಣಿನ ಕೆಲಸ. ಬಿಲದ ಬಾಯಿ ನುಣುಪಾಗಿದೆಯೇ, ಜೇಡರ ಬಲೆ ಕಟ್ಟಿದೆಯೇ, ಪೊರೆಯ ಚೂರು ಬಿದ್ದಿದೆಯೇ, ಧೂಳಿನಲ್ಲಿ ಹೊಟ್ಟೆ ಎಳೆದ ಗೆರೆ ಯಾವ ಕಡೆಗೆ ಹೋಗಿದೆ? ಅನುಭವಿ ಇರುಳರು ಇಷ್ಟನ್ನು ನೋಡಿಯೇ ಒಳಗೆ ಯಾವ ಹಾವಿದೆ ಎಂದು ಹೇಳುತ್ತಾರೆ.

ಒಂದು ಕಾಲದಲ್ಲಿ ಈ ಜಾಣ್ಮೆಯೆಲ್ಲ ಹಾವಿನ ಚರ್ಮದ ವ್ಯಾಪಾರಕ್ಕೆ ಸಲ್ಲುತ್ತಿತ್ತು. ಭಾರತದಿಂದ ಹೊರದೇಶಕ್ಕೆ ಹೋಗುತ್ತಿದ್ದ ಹಾವಿನ ಚರ್ಮ ಅಪಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ, 1976ರಲ್ಲಿ ಚರ್ಮದ ರಫ್ತು ನಿಂತಿತು. ಹಾವಿಗೆ ಅದು ಒಳ್ಳೆಯದಾಯಿತು, ಇರುಳರ ಒಲೆ ಮಾತ್ರ ಆರಿತು. ಮದ್ರಾಸಿನ ಗಿಂಡಿಯಲ್ಲಿ ಹಾವುಗಳ ಉದ್ಯಾನ ಕಟ್ಟಿದ್ದ ರೊಮುಲಸ್ ವಿಟೇಕರ್‌ಗೆ ಇರುಳರ ಒಡನಾಟ ಚೆನ್ನಾಗಿತ್ತು. ಅಮೆರಿಕದಲ್ಲಿ ಹುಟ್ಟಿ ಭಾರತದಲ್ಲಿ ಬೆಳೆದ ಅವರು ಹರೆಯದಲ್ಲಿ ಮಯಾಮಿಯ ಸರ್ಪಾಲಯದಲ್ಲಿ ದುಡಿದು ವಿಷ ತೆಗೆಯುವ ಕೆಲಸವನ್ನು ಹತ್ತಿರದಿಂದ ಕಂಡಿದ್ದರು. ಹಾವನ್ನು ಕೊಲ್ಲದೆಯೇ ಅದರಿಂದ ಬದುಕು ಕಟ್ಟಿಕೊಳ್ಳಬಹುದು ಎಂಬ ಯೋಚನೆಯಿಂದ 1978ರಲ್ಲಿ ಇರುಳ ಹಾವು ಹಿಡಿಯುವವರ ಸಹಕಾರ ಸಂಘ ಹುಟ್ಟಿತು.

ಸಂಘದ ನಿಯಮ ಸರಳ. ಅರಣ್ಯ ಇಲಾಖೆ ನಿಗದಿ ಮಾಡಿದಷ್ಟು ಹಾವುಗಳನ್ನು ಮಾತ್ರ ಸದಸ್ಯರು ಹಿಡಿದು ತರಬೇಕು. ಹಾವಿಗಿಷ್ಟು ಎಂದು ಅವರಿಗೆ ಹಣ ಸಿಗುತ್ತದೆ. ಹಾವನ್ನು ಸುಮಾರು ಮೂರು ವಾರ ಇಟ್ಟುಕೊಂಡು, ಆಗಾಗ ವಿಷ ತೆಗೆದು, ಹೊಟ್ಟೆಯ ಕಡೆಯ ಹುರುಪೆಗಳ ಮೇಲೆ ಗುರುತು ಮಾಡಿ ಮರಳಿ ಬಿಡುತ್ತಾರೆ. ಗುರುತು ಇರುವ ಹಾವು ಮತ್ತೆ ಕಂಡರೆ ಹಿಡಿಯುವಂತಿಲ್ಲ. ಕೆಲವು ಸಲ ಪೊರೆ ಕಳಚಿದ ಮೇಲೆ ಗುರುತು ತಾನಾಗಿ ಮಾಸುತ್ತದೆ, ಅಷ್ಟು ಹೊತ್ತಿಗೆ ಹಾವೂ ಚೇತರಿಸಿಕೊಂಡಿರುತ್ತದೆ.

ತೆಗೆದ ವಿಷವನ್ನು ಹೆಪ್ಪುಗಟ್ಟಿಸಿ ಒಣಗಿಸಿ ಪುಡಿ ಮಾಡಿ ಔಷಧ ಕಂಪನಿಗಳಿಗೆ ಮಾರುತ್ತಾರೆ. ಅಲ್ಲಿ ಅದನ್ನು ಅತಿ ಸಣ್ಣ ಪ್ರಮಾಣದಲ್ಲಿ ಕುದುರೆಗಳಿಗೆ ಚುಚ್ಚುತ್ತಾರೆ. ಕುದುರೆಯ ದೇಹ ವಿಷದ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ರಕ್ತದಿಂದ ಅವನ್ನು ಬೇರ್ಪಡಿಸಿ ಶುದ್ಧಗೊಳಿಸಿದರೆ ಅದೇ ಆಸ್ಪತ್ರೆಯಲ್ಲಿ ಸಿಗುವ ಪ್ರತಿವಿಷ. ನಾಲ್ಕೂ ಹಾವುಗಳ ವಿಷಕ್ಕೆ ಒಂದೇ ಮದ್ದು. ದೇಶದ ಯಾವುದೋ ಹಳ್ಳಿಯಲ್ಲಿ ಹಾವು ಕಚ್ಚಿಸಿಕೊಂಡು ಬದುಕುಳಿದವರ ಮೈಗೆ ಸೇರಿದ ಆ ಮದ್ದಿನ ಮೂಲದಲ್ಲಿ ಹೆಚ್ಚಿನ ಸಲ ಇರುಳರೊಬ್ಬರ ದುಡಿಮೆ ಇರುತ್ತದೆ ಎಂಬುದು ಬಹಳ ಮಂದಿಗೆ ತಿಳಿಯದು. ತಿಳಿಯಬೇಕಾದ ಸಂಗತಿ ಇದು.

ಮದ್ದು ಇದ್ದರೂ ಸಾವು ನಿಂತಿಲ್ಲ. 2000ದಿಂದ 2019ರವರೆಗಿನ 20 ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿತದಿಂದ ಸತ್ತಿರಬಹುದೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ವರ್ಷಕ್ಕೆ ಸರಾಸರಿ 58,000. ಹೆಚ್ಚಿನವರು ಹಳ್ಳಿಯವರು, ಸಾವಿನ ಅರ್ಧದಷ್ಟು ಮಳೆಗಾಲದ ನಾಲ್ಕು ತಿಂಗಳಲ್ಲೇ. ಇಷ್ಟು ಜೀವ ಹೋಗುವುದು ಹಾವಿನ ವಿಷದಿಂದ ಮಾತ್ರವಲ್ಲ, ಕಚ್ಚಿದ ಮೇಲೆ ಕಳೆದುಹೋಗುವ ಹೊತ್ತಿನಿಂದಲೂ ಹೌದು. ಬಿಗಿಯಾಗಿ ಹಗ್ಗ ಕಟ್ಟುತ್ತಾರೆ, ಬ್ಲೇಡಿನಿಂದ ಕೊಯ್ಯುತ್ತಾರೆ, ಮಂತ್ರ ಹಾಕಿಸುತ್ತಾರೆ, ನಾಟಿ ಮದ್ದು ಅರೆಯುತ್ತಾರೆ. ಕಚ್ಚಿದ್ದು ವಿಷವಿಲ್ಲದ ಕೇರೆಯಾಗಿದ್ದರೆ ಆಸಾಮಿ ಹೇಗೂ ಬದುಕುತ್ತಾನೆ, ಹೆಸರು ಮಂತ್ರಕ್ಕೆ ಬರುತ್ತದೆ.

ಕಟ್ಟುಹಾವಿನ ವಿಷಯದಲ್ಲಂತೂ ಸರಿಯಾದ ಮಾಹಿತಿಯೇ ಅರ್ಧ ಚಿಕಿತ್ಸೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಅದು ಕಚ್ಚಿದರೆ ಎಷ್ಟೋ ಸಲ ನೋವಿಲ್ಲ, ಊತವಿಲ್ಲ, ಹಲ್ಲಿನ ಗುರುತೂ ಸರಿಯಾಗಿ ಕಾಣದು. ಬೆಳಗಿನ ಜಾವ ಹೊಟ್ಟೆನೋವು ಎಂದು ಎದ್ದವರ ರೆಪ್ಪೆ ಜೋತುಬಿದ್ದು, ಮಾತು ತೊದಲಿ, ಉಸಿರಾಟವೇ ಸೋಲುವ ಹೊತ್ತಿಗೆ ಮನೆಯವರಿಗೆ ಹಾವಿನ ಯೋಚನೆ ಬಂದಿರುವುದಿಲ್ಲ. ಸೊಳ್ಳೆಪರದೆಯನ್ನು ಚಾಪೆಯ ಅಡಿಗೆ ಸಿಕ್ಕಿಸಿ ಮಲಗಿದರೆ ಈ ಅಪಾಯ ಬಹುಪಾಲು ತಪ್ಪುತ್ತದೆ. ಕತ್ತಲಲ್ಲಿ ಟಾರ್ಚ್, ಹೊಲದಲ್ಲಿ ಗಂಬೂಟು, ಕಚ್ಚಿದರೆ ಆ ಅಂಗವನ್ನು ಅಲುಗಾಡಿಸದೆ ನೇರವಾಗಿ ಆಸ್ಪತ್ರೆಗೆ. ವನ್ಯಜೀವಿ ಉಳಿಸಿ ಎಂಬ ಗೋಡೆಬರಹಕ್ಕಿಂತ ಈ ನಾಲ್ಕು ಮಾತು ಹಾವನ್ನೂ ಹೆಚ್ಚು ಉಳಿಸುತ್ತವೆ. ಮಗುವಿನ ಜೀವಕ್ಕೆ ಹೆದರುವ ತಾಯಿಗೆ ಮೊದಲು ಬೇಕಾದದ್ದು ಹೆದರಿಕೆ ಕಡಿಮೆಯಾಗುವ ದಾರಿ. ಅದು ಸಿಕ್ಕ ಮನೆಯಲ್ಲಿ ಕಂಡ ಹಾವಿಗೆಲ್ಲ ದೊಣ್ಣೆ ಎತ್ತುವುದೂ ಕಡಿಮೆಯಾಗುತ್ತದೆ. ಕ್ರೊಕೊಡೈಲ್ ಬ್ಯಾಂಕಿನವರು ಈಗ ಇದೇ ಮಾತುಗಳನ್ನು ಹಳ್ಳಿಗಳಿಗೆ ಒಯ್ಯುತ್ತಿದ್ದಾರೆ.

ಕರ್ನಾಟಕಕ್ಕೂ ಈ ಕೆಲಸಕ್ಕೂ ನಂಟು ಹಳೆಯದು. ಕಾಳಿಂಗ ಸರ್ಪದ ಅಧ್ಯಯನಕ್ಕೆಂದು ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರ ತೆರೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ಒಂದು ಕಹಿ ಸತ್ಯವನ್ನು ಜನರ ಮುಂದಿಟ್ಟಿದೆ: ಒಂದೇ ಜಾತಿಯ ಹಾವಾದರೂ ವಿಷ ಪ್ರದೇಶದಿಂದ ಪ್ರದೇಶಕ್ಕೆ ಬೇರೆ. ತಮಿಳುನಾಡಿನ ಹಾವುಗಳ ವಿಷದಿಂದ ತಯಾರಾದ ಮದ್ದು ಬೇರೆ ಸೀಮೆಯ ಹಾವು ಕಚ್ಚಿದಾಗ ಅಷ್ಟು ಚೆನ್ನಾಗಿ ಕೆಲಸ ಮಾಡದೆ ಹೋಗಬಹುದು. ನಾಲ್ಕು ಹಾವುಗಳ ಪಟ್ಟಿಯ ಹೊರಗೂ ವಿಷದ ಹಾವುಗಳಿವೆ. ಇದು ಇರುಳರ ಸಂಘದ ಕೊರತೆಯಲ್ಲ. ಇಷ್ಟು ದೊಡ್ಡ ದೇಶ ಹೆಚ್ಚುಕಡಿಮೆ ಒಂದೇ ಕಡೆಯ ಹಾವುಗಳನ್ನು ನೆಚ್ಚಿಕೊಂಡಿದ್ದರ ಫಲ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಎಲ್ಲಿ, ಯಾವ ತಿಂಗಳು, ಎಷ್ಟು ಎಂಬ ಲೆಕ್ಕ ಸಿಕ್ಕರೆ ಮದ್ದನ್ನು ಎಲ್ಲಿ ದಾಸ್ತಾನು ಇಡಬೇಕು ಎಂಬುದೂ ಸ್ಪಷ್ಟವಾಗುತ್ತದೆ.

ಇರುಳರ ಜಾಣ್ಮೆಗೆ ಹೊರಗಿನ ಮನ್ನಣೆ ಬಂದದ್ದು ತಡವಾಗಿ. 2017ರಲ್ಲಿ ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ ಎಂಬಿಬ್ಬರನ್ನು ಫ್ಲಾರಿಡಾಕ್ಕೆ ಕರೆಸಿಕೊಂಡರು. ಅಲ್ಲಿನ ಜೌಗು ಕಾಡುಗಳಲ್ಲಿ ಬರ್ಮಾದ ಹೆಬ್ಬಾವುಗಳು ಮಿತಿಮೀರಿ ಹೆಚ್ಚಿ ಸ್ಥಳೀಯ ಪ್ರಾಣಿಗಳನ್ನು ಬರಿದು ಮಾಡುತ್ತಿದ್ದವು. ಇವರ ತಂಡ ಮೊದಲ ಎಂಟು ದಿನಗಳಲ್ಲೇ 13 ಹೆಬ್ಬಾವು ಹಿಡಿಯಿತು. ಅದರಲ್ಲೊಂದು 16 ಅಡಿಯ ಹೆಣ್ಣು. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು.

ಸಂಘದಲ್ಲಿ ಮುನ್ನೂರಕ್ಕೂ ಹೆಚ್ಚು ಸದಸ್ಯರಿದ್ದಾರೆ, ಹೆಂಗಸರೂ ಇದ್ದಾರೆ. ಆದರೆ ಆದಾಯ ನಿಂತಿರುವುದು ಹಿಡಿಯಲು ಸಿಗುವ ಅನುಮತಿಯ ಮೇಲೆ. ಅನುಮತಿ ತಡವಾದರೆ ಮಡಕೆಗಳು ಖಾಲಿ ಕೂರುತ್ತವೆ. ಗದ್ದೆಗಳು ನಿವೇಶನಗಳಾಗುತ್ತಿವೆ, ಶಾಲೆ ಕಲಿತ ಮಕ್ಕಳು ಬೇರೆ ಕೆಲಸ ಹುಡುಕುತ್ತಿದ್ದಾರೆ. ಧೂಳಿನ ಮೇಲಿನ ಗೆರೆ ನೋಡಿ ಹಾವಿನ ಹೆಸರು ಹೇಳುವ ವಿದ್ಯೆಗೆ ಪಠ್ಯಪುಸ್ತಕವಿಲ್ಲ. ಹಿರಿಯರ ಹಿಂದೆ ಹಾರೆ ಹಿಡಿದು ಅಲೆದವರಿಗೆ ಮಾತ್ರ ಅದು ಒಲಿಯುತ್ತದೆ. ಬೇರೆ ಬೇರೆ ರಾಜ್ಯಗಳ ಹಾವುಗಳಿಂದಲೂ ವಿಷ ಸಂಗ್ರಹಿಸಬೇಕು ಎಂದು ವಿಜ್ಞಾನಿಗಳು ಕೇಳುತ್ತಿರುವ ಈ ಹೊತ್ತಿನಲ್ಲಿ, ಆ ಕೆಲಸಕ್ಕೆ ಬೇಕಾದ ಪಳಗಿದ ಕೈಗಳು ಇಂದು ಹೆಚ್ಚಾಗಿ ಇರುವುದು ವಡನೆಮ್ಮೇಲಿಯ ಸುತ್ತಲಿನ ಈ ಕೆಲವು ಹಳ್ಳಿಗಳಲ್ಲಿ.