ಗಾಯ ಮಾಯ್ದ ಮೇಲೂ ಉಳಿಯುವ ನೋವು

‘ಎಲ್ಲ ಸರಿಹೋಗಿದೆ, ಆರು ತಿಂಗಳು ಬಿಟ್ಟು ಬನ್ನಿ’ ಎಂದು ವೈದ್ಯರು ಹೇಳಿದೊಡನೆ ಮನೆಮಂದಿಗೆ ನಿರಾಳ. ಸ್ತನ ಕ್ಯಾನ್ಸರ್‌ನ ಕಥೆ ಅವರ ಪಾಲಿಗೆ ಅಲ್ಲಿಗೆ ಮುಗಿಯಿತು. ಆದರೆ ಅನೇಕ ಮಹಿಳೆಯರಿಗೆ ಇನ್ನೊಂದು ಕಷ್ಟ ಶುರುವಾಗುವುದೇ ಅಲ್ಲಿಂದ.

ಇದು ಇಂದಿನ ಸಂಗತಿಯಲ್ಲ. ಇಂಗ್ಲಿಷ್ ಕಾದಂಬರಿಗಾರ್ತಿ ಫ್ಯಾನಿ ಬರ್ನಿ ಅವರ ಸ್ತನವನ್ನು 1811ರ ಸೆಪ್ಟೆಂಬರ್ 30ರಂದು ಪ್ಯಾರಿಸ್‌ನಲ್ಲಿ ಅರಿವಳಿಕೆಯಿಲ್ಲದೆ ಕತ್ತರಿಸಲಾಯಿತು. ಅದನ್ನು ಅಕ್ಕನಿಗೆ ತಿಳಿಸುವ ಒಂದು ಪತ್ರ ಮುಗಿಸಲು ಅವರಿಗೆ ತಿಂಗಳುಗಳೇ ಹಿಡಿದವು. ಬರೆದದ್ದನ್ನು ಮತ್ತೆ ಓದುವ ಧೈರ್ಯ ಬರಲಿಲ್ಲ. ಆದರೂ ಅವರು 1840ರವರೆಗೆ ಬದುಕಿದರು.

ಇಂದಿಗೂ ದೊಡ್ಡ ಭಯವೆಂದರೆ ರೋಗ ಮರುಕಳಿಸೀತೆಂಬುದು. ಬೆನ್ನು ನೋವು ಬಂದರೂ ಎದೆ ಧಸಕ್ಕೆನ್ನುತ್ತದೆ. ತಪಾಸಣೆಯ ದಿನ ಹತ್ತಿರವಾದಂತೆ ನಿದ್ದೆ ದೂರವಾಗುತ್ತದೆ. ಹಾರ್ಮೋನಿಗೆ ಸಂಬಂಧಿಸಿದ ಗೆಡ್ಡೆಯಾಗಿದ್ದರೆ 5ರಿಂದ 10 ವರ್ಷ ದಿನವೂ ಮಾತ್ರೆ ನುಂಗಬೇಕು. ಅದರಿಂದ ಮೈ ಬಿಸಿಯೇರಿ ಬೆವರುವುದೂ ಉಂಟು. ಕಂಕುಳ ಗ್ರಂಥಿಗಳನ್ನು ತೆಗೆದಿದ್ದರೆ ಕೆಲವರಿಗೆ ತೋಳು ಊದಿಕೊಳ್ಳುತ್ತದೆ. ಕಂಪ್ಲಿಯ ಗದ್ದೆಯಲ್ಲಿ ನಾಟಿ ಮಾಡುವವಳಿಗೆ, ಸಂಡೂರಿನಲ್ಲಿ ಲಂಬಾಣಿ ಕಸೂತಿ ಹಾಕುವವಳಿಗೆ ತೋಳೇ ಅನ್ನ. ಕನ್ನಡಿ ಹಚ್ಚಿದ ಕಂಚಳಿ ತೊಡಲೂ ಆಕೆ ಹಿಂಜರಿಯಬಹುದು. ಹಂಪಿ ಜಾತ್ರೆಯಲ್ಲಿ ಎಲ್ಲರೊಡನೆ ಹೊಳೆಯಲ್ಲಿ ಮುಳುಗು ಹಾಕುತ್ತಿದ್ದವಳು ದಡದಲ್ಲೇ ಕೂತುಬಿಡಬಹುದು.

ಇದರ ಮೇಲೆ ಜನರ ಮಾತು. ರೋಗ ಅಂಟುತ್ತದೆಂದು ತಟ್ಟೆ ಲೋಟ ಬೇರೆ ಇಡುವವರಿದ್ದಾರೆ. ಮಗಳ ಮದುವೆಗೆ ಅಡ್ಡಿಯಾದೀತೆಂದು ಕಾಯಿಲೆ ಮುಚ್ಚಿಡುವವರೂ ಇದ್ದಾರೆ. ಕ್ಯಾನ್ಸರ್ ಅಂಟುರೋಗವಲ್ಲ. ವಂಶವಾಹಿ ದೋಷದಿಂದ ಬರುವುದು ನೂರರಲ್ಲಿ ಸುಮಾರು 5ರಿಂದ 10 ಪ್ರಕರಣ ಮಾತ್ರ. ಆದರೆ ಗುಟ್ಟಾಗಿಟ್ಟ ರೋಗದ ದುಃಖವನ್ನೂ ಗುಟ್ಟಾಗಿಯೇ ಇಡಬೇಕಾಗುತ್ತದೆ.

ಈ ನೋವಿಗೂ ಚಿಕಿತ್ಸೆಯಿದೆ. ಕ್ಯಾನ್ಸರ್ ರೋಗಿಗಳ ಮನಸ್ಸಿನ ಆರೈಕೆಯನ್ನೇ ವೈದ್ಯಶಾಸ್ತ್ರದ ಒಂದು ಶಾಖೆಯಾಗಿ ಬೆಳೆಸಿದವರಲ್ಲಿ ನ್ಯೂಯಾರ್ಕಿನ ಮನೋವೈದ್ಯೆ ಜಿಮ್ಮಿ ಹಾಲಂಡ್ ಪ್ರಮುಖರು. 1977ರಲ್ಲಿ ಅವರು ಅಲ್ಲಿನ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಈ ಕೆಲಸ ಆರಂಭಿಸಿದರು. ಆಪ್ತ ಸಲಹೆ, ಅಗತ್ಯವಿದ್ದರೆ ಔಷಧ, ತಮ್ಮಂತೆಯೇ ಪಾರಾಗಿ ಬಂದವರೊಡನೆ ಮಾತು ಇವೆಲ್ಲ ಉಪಕಾರಕ್ಕೆ ಬರುತ್ತವೆ. ತೋಳಿನ ಬಾವಿಗೂ ವ್ಯಾಯಾಮ, ಬಿಗಿ ಪಟ್ಟಿಗಳಿವೆ.

ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯೂ ನಿಮ್ಹಾನ್ಸ್ ಕೂಡ ಹೆಚ್ಚು ದೂರವಿಲ್ಲದೆ ಇವೆ. ಹೊಸಪೇಟೆಯಿಂದ ರಾತ್ರಿಯಿಡೀ ರೈಲಿನಲ್ಲಿ ಕೂತು ತಪಾಸಣೆಗೆ ಹೋಗುವವರು ಗಾಯದ ಜತೆಗೆ ಮನಸ್ಸಿನ ಬೇಗುದಿಯನ್ನೂ ವೈದ್ಯರಿಗೆ ಹೇಳುವುದು ಒಳ್ಳೆಯದು. ಅಷ್ಟು ದೂರ ಹೋಗಲಾಗದಿದ್ದರೆ 2022ರಲ್ಲಿ ಆರಂಭವಾದ ಟೆಲಿ ಮನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು.

‘ಗುಣವಾಯಿತಲ್ಲ, ಇನ್ನೇನು ಚಿಂತೆ?’ ಎಂಬ ಮಾತು ಸಮಾಧಾನಕ್ಕೆಂದೇ ಹುಟ್ಟುತ್ತದೆ. ಅದು ಅವಳ ಬಾಯಿ ಮುಚ್ಚಿಸುತ್ತದೆ. ‘ರಾತ್ರಿ ನಿದ್ದೆ ಬರ್ತದೇನವ್ವಾ?’ ಎಂದು ಕೇಳಿದರೆ ಅವಳು ಮಾತಾಡಿಯಾಳು.