ವಿಮಾನಕ್ಕೆ ಬಾಲವೇಕೆ?

ಮಕ್ಕಳೇ, ನೀವು ಗಾಳಿಪಟ ಹಾರಿಸಿದ್ದೀರಲ್ಲವೇ? ಬಾಲಂಗೋಚಿ ಕಿತ್ತುಹೋದರೆ ಪಟ ಗಿರಗಿರನೆ ತಿರುಗಿ ನೆಲಕ್ಕೆ ಬೀಳುತ್ತದೆ. ಸಿಂಧನೂರಿನ ಭತ್ತದ ಗದ್ದೆಗಳ ಮೇಲೆ ತೇಲುವ ಹದ್ದನ್ನೂ ಗಮನಿಸಿ. ತಿರುಗುವಾಗ ಅದು ಬಾಲವನ್ನು ಅತ್ತಿತ್ತ ವಾಲಿಸುತ್ತದೆ. ವಿಮಾನಕ್ಕೂ ಬಾಲ ಬೇಕು. ರೆಕ್ಕೆ, ಎಂಜಿನ್ ಚೆನ್ನಾಗಿದ್ದರೂ ಹಾರುವಾಗ ಬಾಲ ಮುರಿದರೆ ವಿಮಾನ ಪಲ್ಟಿ ಹೊಡೆಯಬಹುದು. ಒಳಗಿರುವವರ ಜೀವಕ್ಕೇ ಅಪಾಯ. ಬಾಲ ಮಾಡುವ ಕೆಲಸವೇನು? ಒಂದು ಮಾದರಿ ಮಾಡಿ ತಿಳಿಯೋಣ.

ಬೇಕಾಗುವ ಸಾಮಗ್ರಿಗಳು

ಲಿಂಗಸುಗೂರು, ಮಸ್ಕಿ ಕಡೆಯ ಹೊಲಗಳಲ್ಲಿ ಸಿಗುವ ಒಣಗಿದ ಜೋಳದ ದಂಟು (ಪೆನ್ಸಿಲಿನಷ್ಟು ದಪ್ಪ, 28 ಸೆಂ.ಮೀ. ಉದ್ದ), ಹಳೆಯ ಮದುವೆ ಪತ್ರಿಕೆಯ ರಟ್ಟು, ದಾರ, ಕತ್ತರಿ, ಜೇಡಿಮಣ್ಣು.

ಮಾಡುವ ವಿಧಾನ

1. ರಟ್ಟಿನಲ್ಲಿ 24 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ರೆಕ್ಕೆ ಕತ್ತರಿಸಿ. ಅದರ ಮುಂಚೂಣಿ ಅಂಚು ಮೂತಿಯಿಂದ 7 ಸೆಂ.ಮೀ. ಹಿಂದೆ ಇರುವಂತೆ ದಂಟಿನ ಮೇಲೆ ಅಡ್ಡಲಾಗಿ ಕಟ್ಟಿ. ರೆಕ್ಕೆಯ ಎರಡೂ ತುದಿಗಳನ್ನು ತುಸು ಮೇಲಕ್ಕೆ ಬಾಗಿಸಿ.

2. 10 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ರಟ್ಟನ್ನು ದಂಟಿನ ಹಿಂತುದಿಯ ಕೆಳಗೆ ಅಡ್ಡಲಾಗಿ ಕಟ್ಟಿ. ಇದು ಅಡ್ಡಬಾಲ. ಇದರ ಹಿಂದಿನ ಅಂಚನ್ನು ಕೂದಲೆಳೆಯಷ್ಟು ಮೇಲಕ್ಕೆ ಬಾಗಿಸಿ.

3. ದಂಟಿನ ಹಿಂತುದಿಯ ಮೇಲ್ಭಾಗವನ್ನು ಸೀಳಿ, 4 ಸೆಂ.ಮೀ. ಎತ್ತರದ ರಟ್ಟನ್ನು ನೆಟ್ಟಗೆ ಸಿಕ್ಕಿಸಿ. ಇದು ನಿಲುಬಾಲ.

4. ಮೂತಿಗೆ ಜೇಡಿಮಣ್ಣಿನ ಉಂಡೆ ಹಚ್ಚಿ. ರೆಕ್ಕೆಯ ಮುಂಚೂಣಿ ಅಂಚಿನಿಂದ ಒಂದೂವರೆ ಸೆಂ.ಮೀ. ಹಿಂದೆ ಎರಡೂ ಕಡೆ ಬೆರಳಿಟ್ಟು ಎತ್ತಿದರೆ ವಿಮಾನ ಸಮವಾಗಿ ನಿಲ್ಲಬೇಕು. ನಿಲ್ಲದಿದ್ದರೆ ಮಣ್ಣನ್ನು ಹೆಚ್ಚು ಕಡಿಮೆ ಮಾಡಿ.

ಈಗ ಬಯಲಿನಲ್ಲಿ ಮೆಲ್ಲಗೆ ಮುಂದಕ್ಕೆ ಎಸೆಯಿರಿ. ಯಾರ ಮುಖದ ಕಡೆಗೂ ಎಸೆಯಬೇಡಿ. ಬಳಿಕ ಅಡ್ಡಬಾಲವನ್ನು ಬಿಚ್ಚಿ, ತೂಕ ಸರಿಮಾಡಿ, ಮತ್ತೆ ಎಸೆಯಿರಿ. ವಿಮಾನ ಲಾಗ ಹಾಕಿ ಬೀಳುತ್ತದೆ!

ಹೀಗೇಕೆ?

ಗಾಳಿಯ ಹೊಡೆತಕ್ಕೆ ಮೂತಿ ಮೇಲೆದ್ದಿತು ಎನ್ನಿ. ಆಗ ಬಾಲ ಕೆಳಗಿಳಿಯುತ್ತದೆ. ಗಾಳಿ ಅಡ್ಡಬಾಲದ ಕೆಳಭಾಗಕ್ಕೆ ಬಡಿದು ಅದನ್ನು ಮೇಲಕ್ಕೆ ತಳ್ಳುತ್ತದೆ. ಮೂತಿ ತಾನಾಗಿ ಕೆಳಗಿಳಿದು ಸಮವಾಗುತ್ತದೆ. ಮೂತಿ ಎಡಕ್ಕೋ ಬಲಕ್ಕೋ ಹೊರಳಿದರೆ ಅದೇ ಕೆಲಸವನ್ನು ನಿಲುಬಾಲ ಮಾಡುತ್ತದೆ.

ಇಷ್ಟು ಸಣ್ಣ ಬಾಲಕ್ಕೆ ಅಷ್ಟು ಶಕ್ತಿ ಎಲ್ಲಿಂದ? ಬಾಗಿಲನ್ನು ಕೀಲಿನ ಹತ್ತಿರ ತಳ್ಳಿ ನೋಡಿ, ಕಷ್ಟ. ಅಂಚಿನಲ್ಲಿ ತಳ್ಳಿದರೆ ಸುಲಭ. ಬಾಲ ರೆಕ್ಕೆಯಿಂದ ದೂರವಿರುವುದರಿಂದಲೇ ಅದರ ಸಣ್ಣ ತಳ್ಳುವಿಕೆಗೆ ದೊಡ್ಡ ಪರಿಣಾಮ.

ನಿಜವಾದ ವಿಮಾನದಲ್ಲಿ ಅಡ್ಡಬಾಲದ ಹಿಂದಿನ ಅಂಚು ಮೇಲೆ ಕೆಳಗೆ ಮಡಚುತ್ತದೆ. ಇದು ಎಲಿವೇಟರ್. ನಿಲುಬಾಲದ ಅಂಚು ಎಡಕ್ಕೆ ಬಲಕ್ಕೆ ತಿರುಗುತ್ತದೆ. ಇದು ರಡ್ಡರ್. ಬೆಂಗಳೂರಿನಲ್ಲಿ ತಯಾರಾಗಿ 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ತರಬೇತಿ ವಿಮಾನಕ್ಕೂ ಇಂಥದೇ ಬಾಲವಿತ್ತು. ಡಾ. ವಿ.ಎಂ. ಘಾಟಗೆ ಅದರ ವಿನ್ಯಾಸದ ಮುಖ್ಯಸ್ಥರು.

ಆದರೆ 2001ರಲ್ಲಿ ಬೆಂಗಳೂರಿನಲ್ಲೇ ಮೊದಲು ಹಾರಿದ ತೇಜಸ್ ಯುದ್ಧವಿಮಾನಕ್ಕೆ ಅಡ್ಡಬಾಲವೇ ಇಲ್ಲ! ಅದರ ತ್ರಿಕೋನ ರೆಕ್ಕೆಯ ಹಿಂದಿನ ಅಂಚುಗಳೇ ಆ ಕೆಲಸ ಮಾಡುತ್ತವೆ. ಅವುಗಳನ್ನು ಕ್ಷಣಕ್ಷಣವೂ ಸರಿಹೊಂದಿಸಲು ಕಂಪ್ಯೂಟರ್ ಇದೆ.

ನಿಮ್ಮ ದಂಟಿನ ವಿಮಾನದಲ್ಲಿ ಕಂಪ್ಯೂಟರ್ ಇಲ್ಲ. ಅದಕ್ಕೆ ಬಾಲವೇ ಗತಿ. ಈಗ ನಿಲುಬಾಲದ ಅಂಚನ್ನು ಸ್ವಲ್ಪ ಬಲಕ್ಕೆ ಬಾಗಿಸಿ ಎಸೆಯಿರಿ. ವಿಮಾನ ಯಾವ ಕಡೆ ತಿರುಗುತ್ತದೆ? ಏಕೆ? ಗೆಳೆಯರೊಡನೆ ಚರ್ಚಿಸಿ.